ಅಕ್ಕನ ಬಾತುಕೋಳಿ, ತಮ್ಮನ ಬಣ್ಣ

ಬಣ್ಣಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಹೆಸರು ಹಿಡಿದು ಯಾರಾದರೂ ಕೂಗಿದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಅವನು ಸುಮ್ಮನೆ ಮುಂದಕ್ಕೆ ನಡೆದುಬಿಡುತ್ತಿದ್ದ. ಗೋಡೆಗೆ ಬಣ್ಣ ಹೊಡೆಯುವುದು ಅವನ ಕಸುಬು. ಆ ಏರುಬೀದಿಯಲ್ಲಿ ಅವನ ಕುಂಚ ತಾಗದ ಗೋಡೆಯನ್ನು ಹುಡುಕುವುದೇ ಕಷ್ಟ. ಉಗುರಿನ ಸಂದಿಯಲ್ಲಿ ಒಂದು ಬಣ್ಣ, ಕಿವಿಯ ಹಿಂದೆ ಇನ್ನೊಂದು, ಹುಬ್ಬಿನ ಮೇಲೆ ಮತ್ತೊಂದು. ಈ ವಾರ ಅವನು ಯಾರ ಮನೆಯ ಕೆಲಸ ಹಿಡಿದಿದ್ದಾನೆ ಎನ್ನುವುದನ್ನು ಬೀದಿಯವರು ಅವನನ್ನು ಕೇಳುತ್ತಿರಲಿಲ್ಲ, ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು.

ಕೆಲಸದಲ್ಲಿ ಅವನದು ಚೊಕ್ಕ ಕೈ. ಒಳಗೆ ಬಣ್ಣ ಹೊಡೆಯುವಾಗ ನೆಲದ ಮೇಲೆ ಒಂದು ಹನಿ ಬಿದ್ದರೂ ಊಟ ಸೇರುತ್ತಿರಲಿಲ್ಲ. ಆದರೆ ಅವನ ಜಂಬಕ್ಕೆ ಕಾರಣ ಅದಲ್ಲ. ಬಣ್ಣ ಬೆರೆಸುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನು ನಂಬಿದ್ದ, ನಂಬಿದ್ದನ್ನು ಎಲ್ಲರಿಗೂ ಹೇಳುತ್ತಿದ್ದ, ಒಮ್ಮೆ ಹೇಳಿದ್ದನ್ನು ಮರೆತು ಮತ್ತೆ ಹೇಳುತ್ತಿದ್ದ. ಅಂಗಡಿಯಲ್ಲಿ ಯಂತ್ರ ಬೆರೆಸಿಕೊಡುವ ಬಣ್ಣ ಕಂಡರೆ ಮೂಗು ಮುರಿಯುತ್ತಿದ್ದ. ಹೆಂಡತಿ ಬಟ್ಟೆ ಹೊಲಿಯುವವಳು. ಅವಳು ರವಿಕೆಗೆ ತಾಳೆಯಾಗುವ ದಾರ ಆರಿಸುವಾಗಲೂ ಹಿಂದೆ ಬಂದು ನಿಂತು, "ಅದಲ್ಲ, ಅದರ ಪಕ್ಕದ್ದು" ಎಂದು ಮೂಗು ತೂರಿಸುತ್ತಿದ್ದ. ಅವನು ಹೇಳಿದ್ದೇ ಸರಿಯಾಗಿರುತ್ತಿತ್ತು. ಹೆಂಡತಿಗೆ ಸಿಟ್ಟು ಬರುತ್ತಿದ್ದುದೂ ಅದಕ್ಕೇ.

ಏರುಬೀದಿ ಇಳಿಯುತ್ತ ಇಳಿಯುತ್ತ ಒಂದು ಕೆರೆಯ ಹತ್ತಿರ ಮುಗಿಯುತ್ತಿತ್ತು. ಆ ಕೆರೆಯ ದಂಡೆಯಲ್ಲಿ ಬಣ್ಣಪ್ಪನ ಅಕ್ಕನ ಮನೆ. ಅಮ್ಮ ತೀರಿಕೊಂಡಾಗ ಬಣ್ಣಪ್ಪ ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಅವನಿಗೆ ಉಣ್ಣಿಸಿ, ತಲೆ ಬಾಚಿ, ಬೇಕಾದಾಗ ಬೆನ್ನಿಗೆ ಎರಡು ಬಿಟ್ಟು ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಪೇಂಟರ್ ಒಬ್ಬನ ಹತ್ತಿರ ಕೆಲಸಕ್ಕೆ ಸೇರಿಸಿದವಳೂ ಅವಳೇ. ಗಂಡ ಹೋದ ಮೇಲೆ ಅವಳು ಬಾತುಕೋಳಿ ಸಾಕಿದಳು. ಬೆಳಗ್ಗೆ ಬಾಗಿಲು ತೆರೆದರೆ ಅವು ಒಂದರ ಹಿಂದೆ ಒಂದು ಬಳುಕುತ್ತ ಕೆರೆಗಿಳಿಯುತ್ತಿದ್ದವು. ಮೊಟ್ಟೆಯೆಲ್ಲ ಬೇಕರಿಗೆ. ಎಲ್ಲವೂ ಬಿಳಿ ಬಾತುಕೋಳಿ, ಬಿಳಿಯೆಂದರೆ ಆಗತಾನೇ ಒಗೆದು ಹರವಿದಂಥ ಬಿಳಿ. ತಮ್ಮನಿಗೆ ಬಣ್ಣದ ಜಂಬವಿದ್ದರೆ ಅಕ್ಕನಿಗೆ ಆ ಬಿಳುಪಿನ ಜಂಬ.

ಇನ್ನು ಬಣ್ಣಪ್ಪನ ಒಂದು ರೂಢಿಯ ಬಗ್ಗೆ ಹೇಳಬೇಕು. ಅವನ ಮನೆಯೆದುರು, ರಸ್ತೆಯಂಚಿನಲ್ಲಿ, ಮಳೆನೀರು ಇಳಿದುಹೋಗಲೆಂದು ಒಂದು ಕಬ್ಬಿಣದ ಜಾಲರಿ ಇತ್ತು. ಸಂಜೆ ಕೆಲಸ ಮುಗಿಸಿ ಬಂದವನು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ಕುಂಚ, ಬಕೆಟ್, ರೋಲರ್ ಎಲ್ಲವನ್ನೂ ತೊಳೆದು ಅದಕ್ಕೇ ಸುರಿಯುತ್ತಿದ್ದ. ಒಳಗೆ ಒಂದು ಹನಿ ಬೀಳಿಸದವನು ಹೊರಗೆ ಬಕೆಟ್‌ಗಟ್ಟಲೆ ಬಗ್ಗಿಸುತ್ತಿದ್ದ. ಈ ನೀರು ಹೋಗುವುದೆಲ್ಲಿಗೆ ಎಂದು ಹೆಂಡತಿ ಒಮ್ಮೆ ಕೇಳಿದಾಗ, "ಕೆಳಗೆ" ಎಂದಿದ್ದ. ಅಕ್ಕನ ಮನೆ ಎಲ್ಲಿ ಎಂದು ಹೊರಗಿನವರು ಕೇಳಿದರೂ "ಕೆಳಗೆ" ಎಂದೇ ಅನ್ನುತ್ತಿದ್ದ. ಆ ಕೆಳಗೆ, ಈ ಕೆಳಗೆ ಎರಡೂ ಒಂದೇ ಜಾಗ ಇರಬಹುದು ಎಂದು ಅಷ್ಟು ವರ್ಷದಲ್ಲಿ ಒಂದು ಸಲವೂ ಅವನಿಗೆ ಹೊಳೆದಿರಲಿಲ್ಲ.

ಹೀಗಿರುವಾಗ ಬೀದಿಯ ಮೇಲ್ತುದಿಯ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿಗೆ ಬಣ್ಣ ಹೊಡೆಸಬೇಕೆಂದರು. ಅವರಿಗೆ ಬೇಕಿದ್ದದ್ದು ಹಸಿರಲ್ಲ, ನೀಲಿಯಲ್ಲ. ಕುರ್ಚಿಯಲ್ಲಿ ಬಾಯಿ ಕಳೆದು ಕೂತವನು ಗೋಡೆ ನೋಡುತ್ತ ನೋವು ಮರೆಯಬೇಕು, ಅಂಥ ಬಣ್ಣ. ಬೇರೆಯವರಾದರೆ ತಲೆ ಕೆರೆದುಕೊಳ್ಳುತ್ತಿದ್ದರು. ಬಣ್ಣಪ್ಪನ ಕಣ್ಣು ಮಿನುಗಿತು. ದಿನಗಟ್ಟಲೆ ಬೆರೆಸಿದ, ಹಲಗೆಯ ಮೇಲೆ ಬಳಿದ, ಬಿಸಿಲಲ್ಲಿ ನೋಡಿದ, ದೀಪದಡಿ ನೋಡಿದ, ಹೆಂಡತಿಯನ್ನು ಹೊಲಿಗೆ ಯಂತ್ರದಿಂದ ಎಬ್ಬಿಸಿ ತಂದು ತೋರಿಸಿದ. ಕೊನೆಗೊಂದು ದಿನ ಬಣ್ಣ ಕೂಡಿಬಂತು. ಗೋಡೆಗೆ ಹೊಡೆದಾಗ ಡಾಕ್ಟರು ಬಾಯಿ ಕಳೆದು ನಿಂತರಂತೆ, ಅವರ ರೋಗಿಗಳ ಹಾಗೆ. ಇದನ್ನು ಬಣ್ಣಪ್ಪ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ, ಸಿಗದವರ ಮನೆಗೆ ಹೋಗಿ ಹೇಳಿದ.

ಕೆಲಸ ಮುಗಿದಾಗ ದೊಡ್ಡ ಡ್ರಮ್ಮಿನಲ್ಲಿ ಅರ್ಧದಷ್ಟು ಬಣ್ಣ ಉಳಿದಿತ್ತು. ಮುಚ್ಚಳ ಸರಿಯಾಗಿ ಕೂರದೆ ಮೇಲೆ ಕೆನೆಗಟ್ಟಿ, ಒಳಗೆ ಗಂಟುಗಂಟಾಗಿ, ನಾರತೊಡಗಿತು. ಆಕಾಶ ಕಪ್ಪುಗಟ್ಟಿದ್ದ ಒಂದು ಸಂಜೆ ಬಣ್ಣಪ್ಪ ಅದಕ್ಕೆ ನೀರು ಬೆರೆಸಿ, ಕೋಲಿನಿಂದ ಕಲಕಿ, ಪೂರ್ತಿ ಡ್ರಮ್ಮನ್ನೇ ಜಾಲರಿಗೆ ಬಗ್ಗಿಸಿದ. ಹಿಂದೆಯೇ ಮಳೆ ಧೋ ಎಂದು ಸುರಿಯಿತು. ತಾನು ಚೆಲ್ಲಿದ್ದನ್ನು ಮಳೆಯೇ ತೊಳೆದುಕೊಟ್ಟಿತಲ್ಲ ಎಂದು ಅವನಿಗೆ ಖುಷಿಯೋ ಖುಷಿ. ಕೈ ತೊಳೆದುಕೊಂಡು ಊಟಕ್ಕೆ ಕೂತ.

ಮಾರನೆಯ ಬೆಳಗ್ಗೆ ಗ್ಯಾರೇಜಿನ ಮುಂದೆ ಬಣ್ಣಪ್ಪನೂ ಸೇರಿ ನಾಲ್ಕು ಜನ ಚಹಾ ಕುಡಿಯುತ್ತ ನಿಂತಿದ್ದರು. ಗ್ಯಾರೇಜು ನಡೆಸುವವನಿಗೆ ಬೀದಿಯವರು ಮೀಸೆ ಎನ್ನುತ್ತಿದ್ದರು. ಅವನನ್ನು ನೋಡಿದವರಿಗೆ ಯಾಕೆ ಎಂದು ವಿವರಿಸಬೇಕಾಗಿರಲಿಲ್ಲ. ಮೀಸೆಯೂ ಬಣ್ಣಪ್ಪನೂ ಒಂದೇ ಬೆಂಚಿನಲ್ಲಿ ಓದಿದವರು, ಓದದೆ ಒಟ್ಟಿಗೆ ಹೊರಬಿದ್ದವರು. ಅಷ್ಟರಲ್ಲಿ ಅಕ್ಕ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು, ಏರು ಹತ್ತಿದ ಏದುಸಿರಿನಲ್ಲಿ ಬಂದಳು. ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು. ಒಳಗೆ ಬಾತುಕೋಳಿ ಕೂತಿತ್ತು. ತಲೆ ಬಿಳಿ, ಬಾಲದ ತುದಿ ಬಿಳಿ, ನಡುವಿನದ್ದೆಲ್ಲ ಹಸಿರೂ ಅಲ್ಲದ ನೀಲಿಯೂ ಅಲ್ಲದ ಬಣ್ಣ.

"ಎಲ್ಲವೂ ಹೀಗೇ ಆಗಿವೆ," ಎಂದಳು ಅಕ್ಕ. "ಬಣ್ಣದ ವಿಷಯ ನಿನಗೆ ಗೊತ್ತಲ್ಲ, ಅದಕ್ಕೇ ತಂದೆ. ಇದು ಏನು, ಎಲ್ಲಿಂದ ಬಂತು, ಹೇಳು."

ಎಲ್ಲಿಂದ ಬಂತು ಎನ್ನುವುದು ಬಣ್ಣಪ್ಪನಿಗೆ ಬುಟ್ಟಿಯೊಳಗೆ ಇಣುಕುವ ಮೊದಲೇ ಗೊತ್ತಾಗಿತ್ತು. ಆದರೂ ಗಂಭೀರವಾಗಿ ಬಗ್ಗಿ ನೋಡಿ, ಗದ್ದ ತುರಿಸಿಕೊಂಡು, ಪಾಚಿ ಇರಬೇಕು ಅಕ್ಕ, ಮಳೆಗಾಲ ನೋಡು, ಎಂದ. ಅಕ್ಕ ಅದನ್ನು ನಂಬಿಬಿಡುತ್ತಿದ್ದಳೋ ಏನೋ. ತಮ್ಮ ಹೇಳಿದ ಮೇಲೆ ಇರಬಹುದು ಎಂದು ಬಟ್ಟೆಯನ್ನು ಮತ್ತೆ ಎಳೆಯುತ್ತಿದ್ದಳು ಕೂಡ. ನಡುವೆ ಮೀಸೆ ಬಾಯಿ ಹಾಕಿದ.

"ಪಾಚಿ ಅಲ್ಲ, ಪೇಂಟೇ ಅದು. ಸೇತುವೆ ಆಚೆ ಹೊಸ ಪೇಂಟರ್ ಒಬ್ಬ ಬಂದಿದಾನಲ್ಲ, ಅವನದಿರಬೇಕು. ಕೈ ಚೆನ್ನಾಗಿದೆ ಬಿಡು. ಎಂಥಾ ಬಣ್ಣ ಬೆರೆಸಿದಾನೆ ನೋಡು."

ಬಣ್ಣಪ್ಪ ಚಹಾ ಗುಟುಕರಿಸಿದ. ಸುಮ್ಮನಿರು ಎಂದು ಬುದ್ಧಿ ಹೇಳಿತು. ಸುಮ್ಮನಿದ್ದ. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು, ನಾಯಿಯ ಸರಪಳಿ ಹಿಡಿದುಕೊಂಡೇ ಬಾಗಿ ನೋಡಿ, ಹೌದೌದು, ಆ ಹೊಸ ಹುಡುಗ ತುಂಬ ಜಾಣನಂತೆ ಎಂದರು. ಬಣ್ಣಪ್ಪನ ಕಿವಿ ಬಿಸಿಯಾಯಿತು. ಚಹಾದ ಲೋಟ ಬೆಂಚಿನ ಮೇಲೆ ಕುಟ್ಟಿ ಇಟ್ಟ.

"ಅವನಿಗೆ ಜನ್ಮದಲ್ಲಿ ಆಗಲ್ಲ ಈ ಬಣ್ಣ. ಇದರಲ್ಲಿ ಚೂರೇ ಚೂರು ಕಪ್ಪು ಬಿದ್ದಿದೆ, ಅದಕ್ಕೇ ಈ ಆಳ ಬಂದಿರೋದು. ಅದನ್ನ ಎಷ್ಟು ಹಾಕಬೇಕು ಅಂತ ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ಇದು ನಂದು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಬಣ್ಣ ಬಯಲಾಗಿತ್ತು. ಮೀಸೆ ಮೇಲಕ್ಕೆ ನೋಡಿದ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಬುಟ್ಟಿಯೊಳಗಿನ ಬಾತುಕೋಳಿ ಮಾತ್ರ ಕ್ವಾಕ್ ಎಂದಿತು.

ಅಕ್ಕ ಕೂಗಾಡುತ್ತಾಳೆಂದು ಎಲ್ಲರೂ ಕಾದರು. ಅವಳು ಕೂಗಾಡಲಿಲ್ಲ. ಅದು ಬಣ್ಣಪ್ಪನಿಗೆ ಇನ್ನೂ ಭಯ ಹುಟ್ಟಿಸಿತು. ಬುಟ್ಟಿಯನ್ನು ತಮ್ಮನ ಕೈಗೆ ಕೊಟ್ಟು, "ನಿಂದಾದ್ರೆ ನೀನೇ ತೊಳಿ" ಎಂದು ಇಳಿಜಾರು ಹಿಡಿದಳು.

ಆ ಇಡೀ ದಿನ ಬಣ್ಣಪ್ಪ ಮೊಣಕಾಲುದ್ದದ ನೀರಿನಲ್ಲಿ ಬಾತುಕೋಳಿ ಹಿಡಿದ. ಹಿಡಿದ ಎನ್ನುವುದಕ್ಕಿಂತ, ಬಾತುಕೋಳಿಗಳು ಅವನನ್ನು ಆಟ ಆಡಿಸಿದವು ಎನ್ನಬೇಕು. ಒಂದನ್ನು ಅಪ್ಪಿ ಹಿಡಿದರೆ ಇನ್ನೊಂದು ಕಾಲ ಸಂದಿಯಿಂದ ನುಸುಳುತ್ತಿತ್ತು. ಹೆಂಡತಿ ದಂಡೆಯ ಮೇಲೆ ತೊಟ್ಟಿ ಇಟ್ಟುಕೊಂಡು, ಸೀರೆ ಎತ್ತಿ ಕಟ್ಟಿ, ಸೋಪಿನ ನೀರಲ್ಲಿ ಒಂದೊಂದನ್ನೇ ತಿಕ್ಕಿದಳು. ಅವನು ಮೂಗಿನವರೆಗೂ ಕೆಸರು ಮೆತ್ತಿಕೊಂಡು ಬಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಣ್ಣ ಅಷ್ಟಿಷ್ಟು ಬಿಟ್ಟಿತು. ಜೊತೆಗೆ ರೆಕ್ಕೆಯ ಮೇಲಿನ ಜಿಡ್ಡೂ ಹೋಯಿತು.

ಆಗ ಅಕ್ಕ ಹೊಸ ಸುದ್ದಿ ಹೇಳಿದಳು. ಬಾತುಕೋಳಿಯ ಗರಿಗೆ ಅದರದೇ ಎಣ್ಣೆ ಇದ್ದರೇ ಅದು ನೀರಲ್ಲಿ ತೇಲುವುದು. ಸೋಪು ಹಾಕಿ ಉಜ್ಜಿದ ಮೇಲೆ ಕೆರೆಗೆ ಬಿಟ್ಟರೆ ನೆನೆದು ಮುಳುಗಿಬಿಡುತ್ತದೆ. ಮತ್ತೆ ಎಣ್ಣೆ ಕೂಡುವತನಕ ಇವನ್ನೆಲ್ಲ ನೀರಿಲ್ಲದ ಕಡೆ ಇಡಬೇಕು. ಕೆರೆಯ ಪಕ್ಕದ ತನ್ನ ಮನೆಯಲ್ಲಿದ್ದರೆ ಅವು ನೀರಿಗಿಳಿಯದೆ ಇರುತ್ತವೆಯೇ? ಹಾಗಾಗಿ ಮೇಲೆ, ತಮ್ಮನ ಮನೆಯಲ್ಲಿ.

ಬಣ್ಣಪ್ಪ ಬಾಯಿ ತೆರೆದ. ಅಕ್ಕ ಅವನ ಮುಖ ನೋಡಿದಳು. ಬಣ್ಣಪ್ಪ ಬುಟ್ಟಿ ಎತ್ತಿಕೊಂಡ.

ಹೀಗೆ ಅವನ ಮನೆ ಬಾತುಕೋಳಿಗಳ ಮನೆಯಾಯಿತು. ಹಜಾರದಲ್ಲಿ ಅವು, ಸ್ನಾನದ ಮನೆಯ ಬಾಗಿಲಲ್ಲಿ ಅವು, ಹೊಲಿಗೆ ಯಂತ್ರದ ಪೆಡಲಿನ ಕೆಳಗೆ ಅವು. ಅಳತೆ ಕೊಡಲು ಬಂದವಳೊಬ್ಬಳ ಸೀರೆಯಂಚಿನ ದಾರ ಹಿಡಿದು ಒಂದು ಬಾತುಕೋಳಿ ಹಜಾರವೆಲ್ಲ ಓಡಿತು. ಅಳತೆ ಟೇಪು ಕಾಣೆಯಾಗಿ ಒಂದು ದಿನದ ಮೇಲೆ ಬಕೆಟ್ಟಿನ ಹಿಂದೆ ಸಿಕ್ಕಿತು. ಬೆಳಕು ಹರಿಯುವ ಮೊದಲೇ ಅವುಗಳ ಭಾಷಣ ಶುರು. ಮೊದಮೊದಲು ಹೆಂಡತಿ ಹಣೆ ಚಚ್ಚಿಕೊಂಡಳು, ಆಮೇಲೆ ಒಂದೊಂದಕ್ಕೂ ಒಂದೊಂದು ಅಡ್ಡಹೆಸರಿಟ್ಟಳು, ಕೊನೆಗೆ ಇವು ಹೇಳಿದ ಮಾತಾದರೂ ಕೇಳುತ್ತವೆ ಎಂದು ಗಂಡನ ಕಡೆ ನೋಡಿ ಹೇಳತೊಡಗಿದಳು. ಎಲ್ಲಕ್ಕಿಂತ ಬಣ್ಣಪ್ಪನನ್ನು ಕಾಡಿದ್ದೆಂದರೆ, ಅವುಗಳ ಬೆನ್ನ ಮೇಲೆ ಉಳಿದ ಬಣ್ಣದ ಛಾಯೆ ದೀಪದ ಬೆಳಕಲ್ಲಿ ನಿಜಕ್ಕೂ ಬಲು ಚೆನ್ನಾಗಿ ಕಾಣುತ್ತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ಸಂಜೆ ಅವನು ಅಕ್ಕನ ಅಪ್ಪಣೆಯಂತೆ ಕೆರೆಗೆ ಹೋಗಿ, ಮಳೆನೀರಿನ ಕೊಳವೆ ಬಂದು ಬೀಳುವ ಮೂಲೆಯಲ್ಲಿ ಬಲೆ ಹಾಕಿ ತೇಲುವ ಕಸ ತೆಗೆಯಬೇಕಿತ್ತು. ಆ ಮೂಲೆಯನ್ನು ಅವನು ಹತ್ತಿರದಿಂದ ನೋಡಿದ್ದೇ ಆಗ. ನೀರಿನ ಮೇಲೆ ಎಣ್ಣೆ ಹರಡಿ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. ಬಣ್ಣ ಬಲ್ಲವನಿಗೆ ಮೊದಲು ಅದು ಸುಂದರವಾಗಿಯೇ ಕಂಡಿತು. ಮೂಗಿಗೆ ಡೀಸೆಲ್ ವಾಸನೆ ಹೊಡೆದ ಮೇಲೆ ಮುಖ ತಿರುಗಿಸಿಕೊಂಡ. ಅಂಚಿಗೆ ಸೋಪಿನ ನೊರೆ. ತಳದಲ್ಲಿ ರಸ್ತೆಯ ಕರಿ ಮಸಿ ಮೆತ್ತಗೆ ಕೂತಿತ್ತು. ಕವರು, ಸಿಗರೇಟು ತುಂಡು, ಗಂಟು ಕಟ್ಟಿದ ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲ.

ಬಣ್ಣಪ್ಪನಿಗೆ ಎಲ್ಲಿಲ್ಲದ ಉತ್ಸಾಹ ಬಂತು. ತಾನೊಬ್ಬನೇ ಅಲ್ಲ ಎಂಬುದು ಗೊತ್ತಾದರೆ ಯಾರಿಗೆ ತಾನೇ ಬರುವುದಿಲ್ಲ? ಹಾಗೇ ಒದ್ದೆ ಪ್ಯಾಂಟಿನಲ್ಲೇ ಏರು ಹತ್ತಿ ಮೀಸೆಯ ಮುಂದೆ ನಿಂತು, ನಿನ್ನ ಎಣ್ಣೆ ಕೆರೆಯಲ್ಲಿದೆ ಎಂದ. ಮೀಸೆ ಉರಿದುಬಿದ್ದ. ಹಳೆಯ ಎಂಜಿನ್ ಆಯಿಲ್ಲನ್ನು ತಾನು ಡಬ್ಬಿಯಲ್ಲಿ ಹಿಡಿದಿಟ್ಟು ಕೊಳ್ಳುವವರಿಗೆ ಕೊಡುತ್ತೇನೆ, ನಿನ್ನ ಹಾಗೆ ಮೋರಿಗೆ ಬಗ್ಗಿಸುವವನಲ್ಲ, ಎಂದ. ಅದು ನಿಜವೂ ಆಗಿತ್ತು. ಆದರೆ ರಿಪೇರಿಗೆ ಬಂದ ಗಾಡಿಗಳು ಅಂಗಡಿಯ ಮುಂದೆ ರಸ್ತೆಯ ಮೇಲೆ ಸಾಲಾಗಿ ನಿಂತಿರುತ್ತಿದ್ದವು. ಒಂದೊಂದರ ಹೊಟ್ಟೆಯಿಂದಲೂ ತೊಟ್ಟು ತೊಟ್ಟು ಬಿದ್ದು ಅಲ್ಲಿನ ಟಾರು ಕಪ್ಪಗೆ ಜಿಡ್ಡುಗಟ್ಟಿತ್ತು. ಅದನ್ನು ಯಾರೂ ಸುರಿದಿರಲಿಲ್ಲ, ಹಾಗಾಗಿ ಅದು ಯಾರದ್ದೂ ಆಗಿರಲಿಲ್ಲ. ಇಬ್ಬರ ಜಗಳ ಎಣ್ಣೆಯಿಂದ ಶುರುವಾಗಿ, ಶಾಲೆಯ ಬೆಂಚಿನ ಮೇಲೆ ಯಾರು ಯಾರ ಹೆಸರು ಕೆತ್ತಿದ್ದರು ಎಂಬಲ್ಲಿಗೆ ಹೋಗಿ ನಿಂತಿತು. ಆ ಸಂಜೆಯಿಂದ ಮಾತುಬಿಟ್ಟರು.

ಅಕ್ಕ ಮಾತ್ರ ಸುಮ್ಮನೆ ಕೂತಿರಲಿಲ್ಲ. ನಗರಸಭೆಯ ಕಚೇರಿಗೆ ಹೋಗಿ, ಅಲ್ಲಿನ ಮೇಜಿನ ಮೇಲೆ ಒಂದು ಬಾತುಕೋಳಿಯನ್ನು ಕೂರಿಸಿ, ಇದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದಳಂತೆ. ಹೇಳಿದ ಕೆಲಸ ಅಷ್ಟು ಬೇಗ ಆದದ್ದನ್ನು ಆ ಬೀದಿಯವರು ಹಿಂದೆ ನೋಡಿರಲಿಲ್ಲ. ಚರಂಡಿ ವಿಭಾಗದ ಎಂಜಿನಿಯರ್ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹೆಗಲಲ್ಲಿ ದೊಡ್ಡ ಚೀಲ. ಈ ಬೀದಿಯವರಿಗೆಂದು ತಾವು ಎರಡು ಸಲ ಸಭೆ ಕರೆದಿದ್ದಾಗಿಯೂ, ಎರಡು ಸಲವೂ ಸಭಾಂಗಣದ ಕಾವಲುಗಾರ ಒಬ್ಬನೇ ಕೂತು ಕೇಳಿದ್ದಾಗಿಯೂ, ಈಗ ಅವನಿಗೆ ಚರಂಡಿಯ ವಿಷಯ ತಮ್ಮಷ್ಟೇ ಗೊತ್ತೆಂದೂ ನಗುತ್ತಲೇ ಹೇಳಿದರು.

"ನಿಮ್ಮ ಸ್ನಾನದ ಮನೆ ನೀರು, ಅಡುಗೆಮನೆ ನೀರು ಒಂದು ಕೊಳವೆಯಲ್ಲಿ ಹೋಗತ್ತೆ. ಅದನ್ನ ಶುದ್ಧ ಮಾಡಿ ಬಿಡ್ತೀವಿ," ಎಂದರು ಅವರು. "ರಸ್ತೆ ಜಾಲರಿ ನೀರಿಗೆ ಬೇರೆ ಕೊಳವೆ. ಅದು ನೇರ ಕೆರೆಗೆ. ನಡುವೆ ಸೋಸೋದಕ್ಕೆ ಒಂದು ಬಟ್ಟೆ ಚೂರು ಕೂಡ ಇಲ್ಲ. ಮಳೆ ಬಂದ್ರೆ ರಸ್ತೆ ಮೇಲಿರೋದೆಲ್ಲ ಕೆರೇಲಿ."

ಜಾಲರಿಯೊಳಗೆ ಹೋದದ್ದೆಲ್ಲ ಎಲ್ಲೋ ಶುದ್ಧವಾಗುತ್ತದೆ ಎಂದುಕೊಂಡಿದ್ದವರೇ ಎಲ್ಲ. ಎಂಜಿನಿಯರ್ ನಕ್ಷೆ ಬಿಡಿಸಿ ತೋರಿಸಿದರು. ನಾಲ್ಕು ತಲೆ ಅದರ ಮೇಲೆ ಬಾಗಿದವು. ಯಾರಿಗೂ ತಮ್ಮ ಮನೆ ಎಲ್ಲಿದೆ ಎಂಬುದೇ ಗೊತ್ತಾಗಲಿಲ್ಲ. ಮೀಸೆ ತನ್ನ ಗ್ಯಾರೇಜಿನ ಮುಂದಿನ ಜಾಲರಿ ಖಂಡಿತ ಕೆರೆಗೆ ಹೋಗುವುದಿಲ್ಲ ಎಂದು ಪಟ್ಟು ಹಿಡಿದ. ಮೇಷ್ಟ್ರು ತಮ್ಮದೂ ಇಲ್ಲ ಎಂದರು. ಹಾಗಾದರೆ ನೋಡಿಯೇ ಬಿಡೋಣ, ಒಂದೊಂದು ಜಾಲರಿಗೆ ಒಂದೊಂದು ಬಣ್ಣದ ಮರದ ತುಂಡು ಹಾಕೋಣ, ಮಳೆ ಬಂದಾಗ ಕೆಳಗೆ ಯಾವುದು ಬರುತ್ತದೋ ಬರಲಿ, ಎಂದರು ಎಂಜಿನಿಯರ್. ಬಡಗಿಯ ಅಂಗಡಿಯಿಂದ ತುಂಡು ಬಂದವು. ಬಣ್ಣ ಹಚ್ಚುವ ಕೆಲಸ ಯಾರಿಗೆ ಬಂತೆಂದು ಹೇಳಬೇಕಾಗಿಲ್ಲ. ಬಣ್ಣಪ್ಪ ಎಲ್ಲರನ್ನೂ ಕೇಳಿ ಕೇಳಿ ಹಚ್ಚಿದ. ಮಾತುಬಿಟ್ಟಿದ್ದ ಮೀಸೆ, ತನಗೆ ಕೆಂಪು ಬೇಕೆಂದು ಬಣ್ಣಪ್ಪನ ಹೆಂಡತಿಯ ಕೈಲಿ ಹೇಳಿಕಳಿಸಿದ. ಬಣ್ಣಪ್ಪ ತನ್ನ ಕೈಯಾರೆ ಅತ್ಯುತ್ತಮ ಕೆಂಪನ್ನೇ ಬೆರೆಸಿದ. ಜಗಳ ಜಗಳದ ಜಾಗದಲ್ಲಿ, ಬಣ್ಣ ಬಣ್ಣದ ಜಾಗದಲ್ಲಿ.

ಮಳೆ ಒಂದು ಮಧ್ಯಾಹ್ನ ಬಂತು. ತುಂಡುಗಳನ್ನು ಆಯಾ ಜಾಲರಿಗೆ ಹಾಕಿ, ಬೀದಿಯೆಂಬ ಬೀದಿಯೇ ಕೊಡೆ ಹಿಡಿದು ಕೆಳಗೆ ಓಡಿತು. ಕೊಳವೆಯ ಬಾಯಲ್ಲಿ ಅಕ್ಕ ಮೊಣಕಾಲವರೆಗಿನ ಬೂಟು ಹಾಕಿ ಬಲೆ ಹಿಡಿದು ನಿಂತಿದ್ದಳು. ಮೊದಮೊದಲು ಬರೀ ನೀರು. ಅದು ಕಪ್ಪಾಯಿತು. ಕವರು ಬಂತು, ಒಂದು ಚಪ್ಪಲಿ ಬಂತು. ಜನ ಕುತ್ತಿಗೆ ಚಾಚಿ ನಿಂತರು. ಕೊಳವೆಯ ಕತ್ತಲಲ್ಲಿ ಏನೋ ಕುಣಿಯುತ್ತ ಕಂಡಿತು. ನಂದು ನಂದು ಎಂದು ಹಲ್ಲಿನ ಡಾಕ್ಟರು ಮುಂದಕ್ಕೆ ನುಗ್ಗಿದರು. ಅದು ಬೆಳಕಿಗೆ ಬಂದಾಗ ಕೆಂಪು.

"ನಂದೇ ಮೊದಲು," ಎಂದು ಮೀಸೆ ಕೊಡೆಯನ್ನೇ ಎಸೆದು ಎರಡು ಕೈ ಮೇಲೆತ್ತಿದ. ಪಕ್ಕದವನನ್ನು ತಬ್ಬಿಕೊಂಡ, ಆ ಪಕ್ಕದವನು ಬಣ್ಣಪ್ಪನಾಗಿದ್ದ. ಇಬ್ಬರೂ ಒಂದೆರಡು ಸುತ್ತು ಕುಣಿದರು ಕೂಡ. ತಾನು ಗೆದ್ದದ್ದು ಏನು ಎಂದು ಮೀಸೆಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಕೆಂಪು ತುಂಡಿನ ಬೆನ್ನಿಗೇ ಎಣ್ಣೆಯ ಪೊರೆ ಬಣ್ಣ ಕಾರುತ್ತ ಬಂದು ಅಕ್ಕನ ಬೂಟಿಗೆ ಮೆತ್ತಿತು. ಎತ್ತಿದ್ದ ಕೈ ಮೆಲ್ಲನೆ ಕೆಳಗಿಳಿದವು.

ಆಮೇಲೆ ನೀಲಿ ಬಂತು, ಬಿಳಿ ಬಂತು, ಡಾಕ್ಟರ ಕಿತ್ತಳೆ ಬಂತು. ಮೇಷ್ಟ್ರ ಹಳದಿ ಬಂದಾಗ ಜೊತೆಯಲ್ಲೊಂದು ಗಂಟು ಕಟ್ಟಿದ ಸಣ್ಣ ಚೀಲವೂ ಬಂತು. ತಮ್ಮ ನಾಯಿ ಮಾಡಿದ್ದನ್ನು ಅವರು ತಪ್ಪದೆ ಚೀಲದಲ್ಲಿ ತುಂಬಿ, ಅಚ್ಚುಕಟ್ಟಾಗಿ ಎರಡು ಗಂಟು ಹಾಕಿ, ಗುಡಿಸುವವರು ಒಯ್ಯಲಿ ಎಂದು ಜಾಲರಿಯ ಪಕ್ಕದಲ್ಲೇ ಬಿಟ್ಟು ಬರುತ್ತಿದ್ದರು. ಆ ಗಂಟು ಬೀದಿಗೆಲ್ಲ ಪರಿಚಿತ. ಅಕ್ಕ ಬಲೆಯಿಂದ ಅದನ್ನು ಬೆರಳ ತುದಿಯಲ್ಲಿ ಎತ್ತಿ, "ಮೇಷ್ಟ್ರೇ, ನಿಮ್ಮದು" ಎಂದು ಕೊಟ್ಟಳು. ಅವರು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು, ಮತ್ತೆ ಏನು ಎಂದು ನೆನಪಾಗಿ ಜೇಬಿನಿಂದ ತೆಗೆದರು. ತಡೆದುಕೊಂಡಿದ್ದ ನಗು ಆಗ ಒಡೆಯಿತು. ಮೇಷ್ಟ್ರೂ ನಕ್ಕರು. ನಗುವಾಗಲೂ ಯಾರೂ ಯಾರನ್ನೂ ಬೆರಳು ಮಾಡಿ ತೋರಿಸಲಿಲ್ಲ. ಎಲ್ಲರ ತುಂಡೂ ಬಲೆಯಲ್ಲೇ ಇತ್ತು.

ಅಲ್ಲಿಂದಾಚೆ ಬೀದಿ ಒಂದೇ ಏಟಿಗೆ ಬದಲಾಯಿತು ಎಂದರೆ ಸುಳ್ಳಾದೀತು. ಮೀಸೆ ಗಾಡಿಗಳ ಕೆಳಗೆ ತಟ್ಟೆ ಇಡತೊಡಗಿದ, ಜಿಡ್ಡಿನ ಮೇಲೆ ಮರದ ಹೊಟ್ಟು ಚೆಲ್ಲಿ ಗುಡಿಸಿದ. ಮೂರನೆಯ ವಾರಕ್ಕೆ ಬೇಸರ ಬಂದು ಬಿಟ್ಟ. ಬಣ್ಣಪ್ಪ ಕೆಂಪು ತುಂಡನ್ನು ತಂದು ಅವನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಹೋದ ಮೇಲೆ ಮತ್ತೆ ಶುರು ಮಾಡಿದ. ರಸ್ತೆಯಲ್ಲಿ ಕಾರು ತೊಳೆಯುತ್ತಿದ್ದ ಡಾಕ್ಟರು ಹುಲ್ಲಿನ ಮೇಲೆ ನಿಲ್ಲಿಸಿ ತೊಳೆದರು. ಬಣ್ಣಪ್ಪ ಹಿತ್ತಿಲಲ್ಲಿ ತೊಟ್ಟಿ ಇಟ್ಟುಕೊಂಡ. ಅದರಲ್ಲಿ ಕುಂಚ ತೊಳೆದು, ತಳದಲ್ಲಿ ಕೂತ ಗಸಿಯನ್ನು ಒಣಗಿಸಿ ಕಸಕ್ಕೆ ಕೊಟ್ಟು, ಮೇಲಿನ ನೀರನ್ನು ಸ್ನಾನದ ಮನೆಯ ಮೋರಿಗೆ ಹಾಕುತ್ತಿದ್ದ. ಆ ಕೆಲಸ ಅವನಿಗೆ ಇಷ್ಟವಿರಲಿಲ್ಲ. ದಿನಾ ಗೊಣಗುತ್ತಿದ್ದ, ದಿನಾ ಮಾಡುತ್ತಿದ್ದ.

ಎಂಜಿನಿಯರ್ ಅವನಿಗೆ ಇನ್ನೊಂದು ಕೆಲಸ ವಹಿಸಿದರು. ಪ್ರತಿ ಜಾಲರಿಯ ಪಕ್ಕ ಒಂದು ಮೀನು ಬರೆದು, ಇಲ್ಲಿಂದ ಮುಂದೆ ಕೆರೆ ಎಂದು ಬರೆಯಬೇಕು. ಬಣ್ಣಪ್ಪ ಎದೆಯುಬ್ಬಿಸಿ ಒಪ್ಪಿಕೊಂಡ. ಬಣ್ಣ ಬೆರೆಸುವುದಕ್ಕೂ ಚಿತ್ರ ಬರೆಯುವುದಕ್ಕೂ ಸಂಬಂಧವಿಲ್ಲ ಎಂಬುದು ಮೊದಲ ಮೀನು ಬರೆದಾಗ ಎಲ್ಲರಿಗೂ ತಿಳಿಯಿತು. ಗ್ಯಾರೇಜಿನ ಮುಂದಿನ ಮೀನಿಗೆ ಬಾಯಿ ವಕ್ರವಾಯಿತೆಂದು ಸರಿಮಾಡಲು ಹೋಗಿ ಎರಡು ಗೆರೆ ಎಳೆದ, ಅವು ಮೀಸೆಯಾದವು. ಮೀಸೆ ಮೊದಲು ಮುಖ ಗಂಟಿಕ್ಕಿಕೊಂಡ. ನಾಲ್ಕಾರು ದಿನದಲ್ಲಿ, ಬಂದ ಗಿರಾಕಿಗಳಿಗೆ ತಾನೇ ಅದನ್ನು ತೋರಿಸತೊಡಗಿದ. ಅದರ ಮೇಲೆ ಯಾರಾದರೂ ಕಸ ಚೆಲ್ಲಿದರೆ ತನ್ನ ಮುಖಕ್ಕೇ ಚೆಲ್ಲಿದಂತೆ ರೇಗುತ್ತಿದ್ದ.

ಬಾತುಕೋಳಿಗಳ ಗರಿಗೆ ಮತ್ತೆ ಹೊಳಪು ಬಂತು. ಅವನ್ನು ಕೆರೆಗೆ ಮರಳಿಸುವ ದಿನ ಬಣ್ಣಪ್ಪನ ಹೆಂಡತಿ, ಕಣ್ಣಿಗೆ ಧೂಳು ಬಿತ್ತು ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅವು ಹಿಂತಿರುಗಿಯೂ ನೋಡದೆ ನೀರಿಗಿಳಿದವು. ಕೆರೆಯ ಆ ಮೂಲೆ ಪೂರಾ ತಿಳಿಯಾಗಿರಲಿಲ್ಲ; ಇನ್ನೂ ಎಷ್ಟೋ ಬೀದಿಗಳ ಕೊಳವೆ ಅಲ್ಲಿಗೇ ಬಂದು ಬೀಳುತ್ತಿದ್ದವು. ಆದರೆ ತಳದ ಕಲ್ಲು ಅಲ್ಲಲ್ಲಿ ಕಾಣುತ್ತಿತ್ತು.

ಮಳೆಗಾಲ ಹೋಗಿ ತಿಂಗಳುಗಟ್ಟಲೆ ಒಣಹವೆ. ಮತ್ತೊಂದು ಮಳೆಗಾಲದ ಮೊದಲ ಮೋಡ ಕಟ್ಟಿದ ದಿನ ಬಣ್ಣಪ್ಪ ಯಾವುದೋ ಮನೆಯ ಏಣಿಯ ಮೇಲಿದ್ದ. ಅಷ್ಟು ತಿಂಗಳ ಧೂಳು, ಮಸಿ, ಎಲೆ ಎಲ್ಲ ರಸ್ತೆಯ ಮೇಲೇ ಕೂತಿದೆ, ಮೊದಲ ಮಳೆಗೆ ಎಲ್ಲವೂ ಒಟ್ಟಿಗೇ ಇಳಿಯುತ್ತದೆ ಎಂದು ಎಂಜಿನಿಯರ್ ಹೇಳಿದ್ದು ನೆನಪಾಯಿತು. ಏಣಿಯಿಂದ ಇಳಿದ. ಮನೆಯವರು ಏನೋ ಕೇಳುತ್ತಿದ್ದರು, ಬಂದೆ ಎಂದವನೇ ಅವರ ಹಿತ್ತಿಲ ಪೊರಕೆಯನ್ನೇ ಹಿಡಿದು ರಸ್ತೆಗೆ ಬಂದು ಮೇಲ್ತುದಿಯಿಂದ ಗುಡಿಸತೊಡಗಿದ. ಸ್ವಲ್ಪ ಹೊತ್ತಿಗೆ ಹೆಂಡತಿ ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದಳು. ಮೇಷ್ಟ್ರು ಮೊರ ತಂದರು. ಮೀಸೆ ಒಂದು ಗಾಡಿಯ ಕೆಳಗಿಂದ ಅರ್ಧ ಹೊರಬಂದು, ಇವರಿಗೆಲ್ಲ ಏನಾಗಿದೆ ಎಂದು ನೋಡಿ, ಪೂರ್ತಿ ಹೊರಬಂದ. ಮೋಡ ಗುಡುಗಿದಷ್ಟೂ ಪೊರಕೆಗಳು ಜೋರಾದವು.

ಗ್ಯಾರೇಜಿನವರೆಗೆ ಬಂದಿದ್ದರೋ ಇಲ್ಲವೋ, ಮಳೆ ಹಿಡಿಯಿತು. ಅರ್ಧ ಬೀದಿ ಬಾಕಿ ಇತ್ತು. ತುಂಬಿದ ಚೀಲಗಳನ್ನು ಗ್ಯಾರೇಜಿನೊಳಗೆ ಎಳೆದುಹಾಕಿ, ತೊಪ್ಪೆಯಾಗಿ ಸೂರಿನಡಿ ನಿಂತರು. ಬಣ್ಣಪ್ಪ ಮಾತ್ರ ನಿಲ್ಲಲಿಲ್ಲ. ನೆನೆಯುತ್ತಲೇ ಕೆಳಗಿಳಿದು ಕೊಳವೆಯ ಹತ್ತಿರ ಹೋದ. ಅಕ್ಕ ಆಗಲೇ ಕೊಡೆ ಹಿಡಿದು ಅಲ್ಲಿ ನಿಂತಿದ್ದಳು. ನೀರು ಮಣ್ಣುಬಣ್ಣಕ್ಕೆ ಬರುತ್ತಿತ್ತು. ಎಲೆ ಇತ್ತು, ಒಂದೆರಡು ಕವರೂ ಇತ್ತು. ತಮ್ಮ ಅವಳ ಮುಖವನ್ನೇ ನೋಡುತ್ತ ನಿಂತ, ಚಿಕ್ಕಂದಿನಲ್ಲಿ ಅಂಕಪಟ್ಟಿ ಕೊಟ್ಟು ನಿಲ್ಲುತ್ತಿದ್ದ ಹಾಗೆ.

ಅಕ್ಕ ಬಹಳ ಹೊತ್ತು ನೀರು ನೋಡಿದಳು.

"ಹೋದ ವರ್ಷಕ್ಕಿಂತ ಪರವಾಗಿಲ್ಲ," ಎಂದು ಹೇಳಿ ಕೊಡೆಯನ್ನು ಅವನ ತಲೆಯ ಕಡೆಗೆ ಸ್ವಲ್ಪ ವಾಲಿಸಿದಳು. "ನಡಿ, ತಲೆ ಒರೆಸ್ಕೋ. ಶೀತ ಆದ್ರೆ ಬಂದು ನೋಡ್ಕೊಳ್ಳೋದು ಮತ್ತೆ ನಾನೇ."